ರೂಟರ್ ನನ್ನ ಬ್ಯಾಗಿನಲ್ಲಿದೆ, ಮಗ ಮಾತು ಬಿಟ್ಟಿದ್ದಾನೆ

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ 16 ವರ್ಷ. ದಿನಕ್ಕೆ ಆರೇಳು ಗಂಟೆ ಗೇಮ್ ಆಡುತ್ತಾನೆ. ರಜೆ ಇದ್ದರೆ ಹನ್ನೆರಡು ಗಂಟೆಯೂ ಆಗುತ್ತದೆ. ರಾತ್ರಿ ಎರಡೂವರೆಗೆ ನೀರು ಕುಡಿಯಲು ಎದ್ದರೆ ಅವನ ಬಾಗಿಲ ಸಂದಿಯಲ್ಲಿ ನೀಲಿ ಬೆಳಕು. ಈಜಿಗೆ ಹೋಗುತ್ತಿದ್ದ, ಬಿಟ್ಟ. ಮಾರ್ಕ್ಸ್ ಕಡಿಮೆಯಾಯಿತು. ಕಣ್ಣುರಿ, ಕುತ್ತಿಗೆ ನೋವು, ಹೆಬ್ಬೆರಳು ನೋವು ಅನ್ನುತ್ತಾನೆ. ಎಲ್ಲದಕ್ಕೂ ಸಿಡುಕು. ಕಳೆದ ವರ್ಷ ನಾವು ಊರು ಬದಲಿಸಿ ಅವನನ್ನು ಹೊಸ ಶಾಲೆಗೆ ಸೇರಿಸಿದೆವು, ಆಮೇಲೆ ಇದು ಜಾಸ್ತಿಯಾಗಿದೆ. ನನಗೆ ಹೇಳದೆ ನನ್ನ ಕಾರ್ಡಿನಿಂದ ಆಟದೊಳಗೆ ಏನೇನೋ ಕೊಂಡಿದ್ದಾನೆ. ‘ಮಿದುಳು ಕರಗಿಹೋಗುತ್ತೆ, ಇವತ್ತು ಗೇಮಲ್ಲಿ ಗುಂಡು ಹಾರಿಸೋನು ನಾಳೆ ಹೊರಗೂ ಅದೇ ಮಾಡ್ತಾನೆ’ ಅಂತ ನನ್ನ ಅಣ್ಣ ಹೆದರಿಸುತ್ತಾರೆ. ಇವನ ಅಪ್ಪ ‘ಈ ವಯಸ್ಸಲ್ಲಿ ಎಲ್ಲರೂ ಹೀಗೇ, ಸುಮ್ನಿರು’ ಅನ್ನುತ್ತಾರೆ. ಹೋದ ವಾರ ತಾಳಲಾರದೆ ಆಟದ ಮಧ್ಯೆ ರೂಟರ್ ಕಿತ್ತುಕೊಂಡೆ. ಕುರ್ಚಿ ಎತ್ತಿ ಗೋಡೆಗೆ ಎಸೆದ. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ರೂಟರನ್ನು ಬ್ಯಾಗಿನಲ್ಲಿ ಹಾಕಿಕೊಂಡೇ ದಿನಾ ಆಫೀಸಿಗೆ ಹೋಗುತ್ತಿದ್ದೇನೆ. ಇದು ಚಟವೇ? ನಾನು ಏನು ಮಾಡಲಿ?

ಉತ್ತರ: ಬಾಗಿಲ ಸಂದಿಯ ಆ ನೀಲಿ ಬೆಳಕನ್ನು ನನಗೆ ಎಷ್ಟು ಜನ ಅಪ್ಪ ಅಮ್ಮಂದಿರು ವರ್ಣಿಸಿದ್ದಾರೋ ಲೆಕ್ಕವಿಲ್ಲ. ಒಳಗೆ ಏನು ನಡೆಯುತ್ತಿದೆ ಅಂತ ಗೊತ್ತಾಗುವುದಿಲ್ಲ, ಬೆಳಕೊಂದೇ ಕಾಣುತ್ತದೆ. ಕಾಣದ್ದನ್ನೆಲ್ಲ ಭಯ ತುಂಬಿಕೊಳ್ಳುತ್ತದೆ.

ನಿಮ್ಮ ಅಣ್ಣ ಹೇಳಿದ್ದು ತಪ್ಪು. ಹುಡುಗನ ಅಪ್ಪ ಹೇಳಿದ್ದು ಮುಕ್ಕಾಲು ಪಾಲು ಸರಿ. ಆದರೆ ನೀವು ಪತ್ರ ಬರೆದಿರುವುದು ಉಳಿದ ಕಾಲು ಪಾಲಿಗಾಗಿ. ಅದನ್ನೇ ನೋಡೋಣ.

ಮೊದಲು ‘ಚಟವೇ’ ಅನ್ನುವ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಅನ್ನು ಸೇರಿಸಿದೆ. 2019ರಲ್ಲಿ ಒಪ್ಪಿಗೆಯಾಗಿ 2022ರ ಜನವರಿಯಿಂದ ಈ ಪಟ್ಟಿ ಜಾರಿಗೆ ಬಂತು. ಜನ ಗಮನಿಸದ ಸಂಗತಿ ಏನೆಂದರೆ, ಅಲ್ಲಿ ಗಂಟೆಯ ಲೆಕ್ಕವೇ ಇಲ್ಲ. ಇಷ್ಟು ಗಂಟೆ ಆಡಿದರೆ ಕಾಯಿಲೆ ಅಂತ ಎಲ್ಲೂ ಬರೆದಿಲ್ಲ. ಕೇಳುವುದು ಮೂರು ವಿಷಯ. ಆಟದ ಮೇಲೆ ಹಿಡಿತ ತಪ್ಪಿದೆಯೇ? ಅಂದರೆ ಯಾವಾಗ ಶುರು ಮಾಡಬೇಕು, ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಅನ್ನುವುದು ಕೈಯಲ್ಲಿ ಇಲ್ಲವೇ? ಉಳಿದ ಆಸಕ್ತಿ, ದಿನದ ಕೆಲಸ ಎಲ್ಲವನ್ನೂ ಆಟ ಹಿಂದೆ ತಳ್ಳಿದೆಯೇ? ಕೆಟ್ಟದ್ದಾಗುತ್ತಿದೆ ಅಂತ ಗೊತ್ತಿದ್ದರೂ ಮುಂದುವರಿಯುತ್ತಿದೆಯೇ? ಈ ಮೂರೂ ಸೇರಿ ಬದುಕು ನಿಜಕ್ಕೂ ಹದಗೆಟ್ಟಿರಬೇಕು. ಅದೂ ಸಾಮಾನ್ಯವಾಗಿ 12 ತಿಂಗಳು ಹೀಗೇ ಇರಬೇಕು. ತೀರಾ ಹದಗೆಟ್ಟಿದ್ದರೆ ಅಷ್ಟು ಕಾಯುವುದಿಲ್ಲ.

ಅಮೆರಿಕದ ಮನೋವೈದ್ಯರ ಕೈಪಿಡಿ ಇನ್ನೂ ಜಾಗ್ರತೆ ವಹಿಸಿತು. 2013ರಲ್ಲಿ ಇದನ್ನು ‘ಇನ್ನಷ್ಟು ಅಧ್ಯಯನ ಬೇಕು’ ಅನ್ನುವ ಭಾಗದಲ್ಲಿ ಇಟ್ಟಿತು. ಇದನ್ನು ಕಾಯಿಲೆ ಅಂತ ಕರೆಯುವುದೇ ಬೇಡ, ಸುಮ್ನೆ ಆಡುವ ಮಕ್ಕಳ ಮೇಲೂ ಹಣೆಪಟ್ಟಿ ಬೀಳುತ್ತದೆ ಅಂತ ವಾದಿಸಿದ ಸಂಶೋಧಕರೂ ಇದ್ದಾರೆ. ಅವರ ಮಾತಲ್ಲೂ ಹುರುಳಿದೆ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2021ರಲ್ಲಿ ಲೆಕ್ಕ ಹಾಕಿದಾಗ ಈ ತೊಂದರೆ ಇರುವವರು ನೂರಕ್ಕೆ ಸುಮಾರು 3 ಅಂತ ಬಂತು. ಬಿಗಿಯಾದ ವಿಧಾನದ ಅಧ್ಯಯನಗಳನ್ನಷ್ಟೇ ತೆಗೆದುಕೊಂಡರೆ 2ರ ಹತ್ತಿರ. ದಿನವೆಲ್ಲ ಆಡುವವರಲ್ಲೂ ಬಹುಪಾಲು ಜನ ರೋಗಿಗಳಲ್ಲ.

ನಿಮ್ಮ ಮಗ ಗಡಿಯ ಹತ್ತಿರ ನಿಂತಂತೆ ಕಾಣುತ್ತಾನೆ. ಆರೇಳು ಗಂಟೆ ಅಂತ ಓದಿದಾಗ ನಾನು ಅಷ್ಟು ಬೆಚ್ಚಲಿಲ್ಲ. ಈಜು ಬಿಟ್ಟಿದ್ದು, ಹೇಳದೆ ಕಾರ್ಡ್ ಬಳಸಿದ್ದು, ಈ ಎರಡನ್ನೂ ಕೆಳಗೆ ಗೆರೆ ಎಳೆದು ಇಟ್ಟುಕೊಂಡೆ. ಗೇಮ್ ಎಷ್ಟು ಹೊತ್ತು ಒಳಗೆ ಬಂತು ಅನ್ನುವುದಕ್ಕಿಂತ ಅದು ಬರುವಾಗ ಏನೇನು ಹೊರಗೆ ಹೋಯಿತು ಅಂತ ನೋಡುವುದು ನನ್ನ ಅಭ್ಯಾಸ.

ಇನ್ನು ನಿಮ್ಮ ಅಣ್ಣನ ಮಾತು. ಮಿದುಳು ಕರಗುವುದಿಲ್ಲ. ಈ ಭಯ ಹುಟ್ಟಿದ್ದು ಡೋಪಮೈನ್ ಅನ್ನುವ ಪದದಿಂದ. ಬಯಕೆ, ಖುಷಿಯ ಜೊತೆ ನಂಟಿರುವ ಮಿದುಳಿನ ಒಂದು ರಾಸಾಯನಿಕ ಅದು. 1998ರಲ್ಲಿ ಲಂಡನ್‌ನ ಸಂಶೋಧಕರು ಎಂಟು ಜನರಿಗೆ ಟ್ಯಾಂಕ್ ಓಡಿಸುವ ವಿಡಿಯೋ ಗೇಮ್ ಕೊಟ್ಟು ಮಿದುಳಿನ ಸ್ಕ್ಯಾನ್ ತೆಗೆದರು. ಆಡುವಾಗ ಡೋಪಮೈನ್ ಹೆಚ್ಚಾಗಿದ್ದು ಕಂಡಿತು. ಅದನ್ನೇ ಹಿಡಿದುಕೊಂಡು ‘ಗೇಮ್ ಅಂದರೆ ಮಾದಕ ವಸ್ತು’ ಅಂತ ಹಬ್ಬಿಸಿದವರು ಬಹಳ. ಹಸಿದಾಗ ಊಟ ಕಂಡರೂ, ಇಷ್ಟದವರು ಸಿಕ್ಕರೂ ಅದೇ ವ್ಯವಸ್ಥೆ ಕೆಲಸ ಮಾಡುತ್ತದೆ. ವಿಪರೀತ ಆಡುವವರ ಮಿದುಳಿನಲ್ಲಿ ಕೆಲವು ವ್ಯತ್ಯಾಸಗಳು ಕಂಡಿವೆ, ನಿಜ. ಆದರೆ ಆಟದಿಂದ ಆ ವ್ಯತ್ಯಾಸ ಬಂತೋ, ಮೊದಲೇ ಹಾಗಿದ್ದವರು ಆಟಕ್ಕೆ ಅಂಟಿಕೊಂಡರೋ ಅಂತ ಆ ಸ್ಕ್ಯಾನ್‌ಗಳು ಹೇಳುವುದಿಲ್ಲ. ಅತ್ತ, ವೇಗದ ಆಟ ಆಡುವವರ ದೃಷ್ಟಿಯ ಗಮನ ಚುರುಕಾಗಿರುತ್ತದೆ ಅಂತ ತೋರಿಸಿದ 2003ರ ಒಂದು ಅಧ್ಯಯನವೂ ಇದೆ. ಅದನ್ನು ಮಗನಿಗೆ ಹೇಳಬೇಡಿ, ಮುಂದಿನ ಜಗಳದಲ್ಲಿ ಅವನ ಅಸ್ತ್ರವಾಗುತ್ತದೆ.

ಗುಂಡು ಹಾರಿಸುವ ಮಾತೂ ಅಷ್ಟೇ. ಆಕ್ಸ್‌ಫರ್ಡ್‌ನವರು ಬ್ರಿಟನ್ನಿನ ಸುಮಾರು ಸಾವಿರ ಹದಿಹರೆಯದ ಮಕ್ಕಳನ್ನೂ ಅವರನ್ನು ಸಾಕುವವರನ್ನೂ ವಿಚಾರಿಸಿ 2019ರಲ್ಲಿ ವರದಿ ಕೊಟ್ಟರು. ಹಿಂಸೆಯ ಗೇಮ್‌ಗೂ ಮಕ್ಕಳ ಆಕ್ರಮಣಕಾರಿ ನಡತೆಗೂ ನಂಟು ಕಾಣಲಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞರ ಸಂಘ 2020ರಲ್ಲಿ, ಕೂಗಾಟ, ತಳ್ಳಾಟದಂಥದ್ದಕ್ಕೆ ಸಣ್ಣ ನಂಟು ಇರಬಹುದು, ಆದರೆ ನಿಜವಾದ ಹಿಂಸಾಚಾರಕ್ಕೆ ಗೇಮ್ ಕಾರಣ ಅನ್ನಲು ಸಾಕಷ್ಟು ಪುರಾವೆ ಇಲ್ಲ ಅಂದಿತು. ನಿಮ್ಮ ಮಗ ಕುರ್ಚಿ ಎಸೆದ. ಅದು ತಪ್ಪು, ತಪ್ಪು ಅಂತ ಅವನಿಗೆ ಹೇಳಲೇಬೇಕು. ಆದರೆ ಅದರ ಬೇರನ್ನು ಆಟದ ಬಂದೂಕಿನಲ್ಲಿ ಹುಡುಕಬೇಡಿ. ಬೇರು ಎಲ್ಲಿದೆ ಅಂತ ಆಮೇಲೆ ಹೇಳುತ್ತೇನೆ.

ಹಾಗಾದರೆ ಹಾನಿಯೇ ಇಲ್ಲವಾ? ಇದೆ. ಅದು ನಾವು ಹೆದರುವ ಕಡೆಯಿಂದ ಬರುವುದಿಲ್ಲ, ಅಷ್ಟೇ.

ನನ್ನ ಅನುಭವದಲ್ಲಿ ಮೊದಲ ಹಾನಿ ನಿದ್ದೆಗೆ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಆದರೆ ಇದೇ ವಯಸ್ಸಿನಲ್ಲಿ ದೇಹದ ಗಡಿಯಾರ ತಾನಾಗಿಯೇ ತಡವಾಗಿ ಓಡುತ್ತದೆ. ಗೇಮ್ ಇಲ್ಲದಿದ್ದರೂ ಅವರಿಗೆ ನಿದ್ದೆ ಬೇಗ ಹತ್ತುವುದಿಲ್ಲ. ಅದರ ಮೇಲೆ ಆಟ ಬಂದು ಕೂರುತ್ತದೆ. ಎಲ್ಲರೂ ಪರದೆಯ ಬೆಳಕನ್ನು ದೂರುತ್ತಾರೆ. ನನಗೆ ಬೆಳಕಿಗಿಂತ ಬಿಸಿಯೇ ದೊಡ್ಡದು ಅನಿಸುತ್ತದೆ. ಎದೆ ಡವಡವ ಅನ್ನುವಾಗ, ‘ಸೋತು ಮಲಗಬಾರದು, ಇನ್ನೊಂದು’ ಅನ್ನುವಾಗ ನಿದ್ದೆ ಎಲ್ಲಿಂದ ಬರಬೇಕು? ಎರಡೂವರೆಗೆ ಮಲಗಿ ಆರೂವರೆಗೆ ಶಾಲೆಗೆ ಏಳುವ ಹುಡುಗ ದಿನಕ್ಕೆ ನಾಲ್ಕು ಗಂಟೆ ಸಾಲ ಮಾಡುತ್ತಿದ್ದಾನೆ. ಈಗ ನಿಮ್ಮ ಪತ್ರ ಮತ್ತೊಮ್ಮೆ ಓದಿ. ಸಿಡುಕು, ಮಾರ್ಕ್ಸ್ ಕಡಿಮೆ, ಈಜು ಬೇಡ. ನಾಲ್ಕು ಗಂಟೆ ನಿದ್ದೆ ಮಾಡಿದ ಯಾರನ್ನಾದರೂ ತಿಂಗಳುಗಟ್ಟಲೆ ಹಾಗೇ ಬಿಡಿ, ಅವರು ಗೇಮ್ ಮುಟ್ಟದಿದ್ದರೂ ಹೀಗೇ ಆಗುತ್ತಾರೆ. ನಿದ್ದೆ ಸರಿಹೋದ ಮೇಲೆ ಏನು ಉಳಿಯುತ್ತದೋ ಅದು ಗೇಮ್‌ನ ಸಮಸ್ಯೆ. ಎಷ್ಟೋ ಸಲ ಉಳಿಯುವುದು ಸ್ವಲ್ಪವೇ.

ಹೆಬ್ಬೆರಳು ನೋವನ್ನು ನೆಪ ಅಂತ ತಳ್ಳಿಹಾಕಬೇಡಿ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮಣಿಕಟ್ಟನ್ನು ಕಿರುಬೆರಳ ಕಡೆಗೆ ಮೆಲ್ಲಗೆ ಬಾಗಿಸಲು ಹೇಳಿ. ಹೆಬ್ಬೆರಳ ಬುಡದಲ್ಲಿ ಚುಳ್ ಅಂದರೆ ಅಲ್ಲಿನ ಸ್ನಾಯುರಜ್ಜು ಊದಿಕೊಂಡಿರಬಹುದು. ಇದೇನು ಹೊಸದಲ್ಲ. 1990ರಲ್ಲೇ ಒಬ್ಬ ವೈದ್ಯರು ಗೇಮ್ ಆಡಿ ಬಂದ ಹೆಬ್ಬೆರಳು ನೋವಿಗೆ ‘ನಿಂಟೆಂಡಿನೈಟಿಸ್’ ಅಂತ ಹೆಸರಿಟ್ಟು ವೈದ್ಯಕೀಯ ಪತ್ರಿಕೆಗೆ ಬರೆದಿದ್ದರು. ವಿಶ್ರಾಂತಿ, ಬೇಕಿದ್ದರೆ ಕೆಲವು ದಿನ ಪಟ್ಟಿ, ಇಷ್ಟರಲ್ಲಿ ಬಹುಪಾಲು ಕಡಿಮೆಯಾಗುತ್ತದೆ. ಕುತ್ತಿಗೆಗೆ ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸಿ. ಕಣ್ಣುರಿಗೆ ಕಾರಣ ರೆಪ್ಪೆ. ಸುಮ್ಮನೆ ಕೂತಾಗ ನಿಮಿಷಕ್ಕೆ ಸುಮಾರು 15 ಸಲ ಮಿಟುಕುವ ರೆಪ್ಪೆ ಆಟದ ಮುಂದೆ ಮಿಟುಕುವುದನ್ನೇ ಮರೆಯುತ್ತದೆ, ಕಣ್ಣು ಒಣಗುತ್ತದೆ. ಆಟದಿಂದ ಕಣ್ಣು ಹೋಗುವುದಿಲ್ಲ. ಆದರೆ ಹಗಲು ಬೆಳಕಿನಲ್ಲಿ ಹೊರಗೆ ಕಳೆಯುವ ಹೊತ್ತು ಕಡಿಮೆಯಾದಷ್ಟೂ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಹೆಚ್ಚುತ್ತದೆ. ಅವನಿಗೆ ಕನ್ನಡಕ ಇದ್ದರೆ ಒಮ್ಮೆ ನಂಬರ್ ನೋಡಿಸಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಗಂಟೆಗಟ್ಟಲೆ ಏಳದೆ ಕೂರುವುದು. 2005ರಲ್ಲಿ ದಕ್ಷಿಣ ಕೊರಿಯಾದಲ್ಲಿ 28 ವರ್ಷದ ಒಬ್ಬ ಯುವಕ ಇಂಟರ್ನೆಟ್ ಕೆಫೆಯಲ್ಲಿ ಸುಮಾರು 50 ಗಂಟೆ ಹೆಚ್ಚುಕಡಿಮೆ ಬಿಡುವಿಲ್ಲದೆ ಆಡಿ, ಹೃದಯ ಕೈಕೊಟ್ಟು ಸತ್ತ. ತೀರಾ ಅಪರೂಪ, ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಆದರೆ ಕೂತಲ್ಲೇ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಯುವಕರಲ್ಲೂ ವರದಿಯಾಗಿದೆ. ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋವಾದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು.

ಇಷ್ಟು ದೇಹದ ಮಾತು. ನಿಜವಾದ ಪ್ರಶ್ನೆ ಇರುವುದು ಬೇರೆ ಕಡೆ. ಹುಡುಗ ಅಲ್ಲಿಗೇ ಯಾಕೆ ಹೋಗುತ್ತಾನೆ?

ಒಬ್ಬ ಹುಡುಗ ನನ್ನ ಎದುರು ಮೂರು ಸಲ ಬಂದು ಕೂತರೂ ಬಾಯಿ ಬಿಟ್ಟಿರಲಿಲ್ಲ. ಹೂಂ, ಉಹೂಂ ಅಷ್ಟೇ. ನಾಲ್ಕನೇ ಸಲ ‘ನನಗೂ ಕಲಿಸಪ್ಪ’ ಅಂತ ಅವನ ಫೋನನ್ನೇ ಕೇಳಿದೆ. ಒಂದು ನಿಮಿಷದೊಳಗೆ ಆಟದಲ್ಲಿ ಸತ್ತೆ. ‘ಡಾಕ್ಟ್ರೇ, ಎಡಗೈ ಹೆಬ್ಬೆರಳು ಓಡೋಕೆ, ಬಲಗೈದು ನೋಡೋಕೆ. ನೀವು ನೆಲ ನೋಡ್ಕೊಂಡು ಓಡ್ತಿದೀರ’ ಅಂದ. ಹತ್ತು ನಿಮಿಷ ಬೇಸರವಿಲ್ಲದೆ ಹೇಳಿಕೊಟ್ಟ. ಯಾವ ಮೇಷ್ಟ್ರಿಗೂ ಕಡಿಮೆ ಇಲ್ಲದ ತಾಳ್ಮೆ. ಆ ಆಟದಲ್ಲಿ ಅವನು ನಾಯಕ. ಬೇರೆ ಬೇರೆ ಊರಿನ ನಾಲ್ವರು ರಾತ್ರಿ ಹನ್ನೊಂದಕ್ಕೆ ಅವನ ಮಾತಿಗೆ ಕಾಯುತ್ತಾರೆ. ಅವರ ಬಗ್ಗೆ ಕೇಳಿದರೆ ಒಬ್ಬೊಬ್ಬರ ಪರೀಕ್ಷೆ, ಜ್ವರ, ಮನೆಯ ಜಗಳ ಎಲ್ಲ ಗೊತ್ತು. ‘ಕ್ಲಾಸಲ್ಲಿ ಪಕ್ಕದಲ್ಲಿ ಕೂರೋನ ಹೆಸರೇನು?’ ಅಂದೆ. ಸ್ವಲ್ಪ ಹೊತ್ತು ಯೋಚಿಸಿದ.

ಮನುಷ್ಯನಿಗೆ ಬೇಕಾದ್ದು ಮೂರು ಅಂತ ಮನಃಶಾಸ್ತ್ರದಲ್ಲಿ ಒಂದು ಹೆಸರಾದ ಸಿದ್ಧಾಂತವಿದೆ. ನನ್ನ ತೀರ್ಮಾನ ನಾನು ಮಾಡುತ್ತೇನೆ ಅನ್ನುವ ಭಾವನೆ, ಒಂದರಲ್ಲಿ ಪಳಗುತ್ತಿದ್ದೇನೆ ಅನ್ನುವ ಸಮಾಧಾನ, ನನ್ನವರು ಅಂತ ನಾಲ್ಕು ಜನ. ಒಳ್ಳೆಯ ಗೇಮ್ ಈ ಮೂರನ್ನೂ ಅರ್ಧ ಗಂಟೆಯಲ್ಲಿ ಕೊಡುತ್ತದೆ. ಹೊಸ ಶಾಲೆ ವರ್ಷವಾದರೂ ಕೊಡದೇ ಇರಬಹುದು. ನಿಮ್ಮ ಪತ್ರದಲ್ಲಿ ಊರು ಬದಲಿಸಿದ ವಿಷಯ ಒಂದೇ ಸಾಲಿನಲ್ಲಿ ಬಂದು ಹೋಗಿದೆ. ನಾನು ನಿಂತಿದ್ದು ಆ ಸಾಲಿನ ಮೇಲೆ. 15ನೇ ವಯಸ್ಸಿನಲ್ಲಿ ಗೆಳೆಯರನ್ನು ಕಳೆದುಕೊಂಡ ಹುಡುಗನಿಗೆ ಆ ಗೆಳೆಯರು ಸಿಗುವ ಜಾಗ ಗೇಮ್ ಒಂದೇ ಆಗಿದ್ದರೆ? ನೀವು ರೂಟರ್ ಕಿತ್ತಾಗ ಅವನಿಗೆ ಹೋಗಿದ್ದು ಆಟ ಮಾತ್ರ ಅಲ್ಲದಿರಬಹುದು.

ಆಟ ಕಟ್ಟಿದವರ ಕೈವಾಡವೂ ಇದೆ, ಹುಡುಗನನ್ನಷ್ಟೇ ಬೈಯುವುದು ನ್ಯಾಯವಲ್ಲ. ಹಳೆಯ ಆಟಗಳಿಗೆ ಕೊನೆ ಅಂತ ಒಂದಿತ್ತು. ಈಗಿನ ಬಹಳಷ್ಟಕ್ಕೆ ಇಲ್ಲ. ದಿನಾ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ಲೆಕ್ಕ ಮೊದಲಿನಿಂದ. ಸೀಸನ್ ಮುಗಿಯುವುದರೊಳಗೆ ಗಳಿಸದಿದ್ದರೆ ಹೋಯಿತು. ಇನ್ನು ಲೂಟ್ ಬಾಕ್ಸ್. ದುಡ್ಡು ಕೊಟ್ಟು ಡಬ್ಬ ತೆರೆಯಬೇಕು, ಒಳಗೆ ಏನಿದೆ ಅಂತ ತೆರೆದ ಮೇಲೇ ಗೊತ್ತು. ಯಾವಾಗ ಸಿಗುತ್ತದೋ ಗೊತ್ತಿಲ್ಲದ ಬಹುಮಾನ ಮನುಷ್ಯನನ್ನು ಹೇಗೆ ಹಿಡಿದು ಕೂರಿಸುತ್ತದೆ ಅಂತ ಜೂಜಿನ ಯಂತ್ರ ಮಾಡಿದವರಿಗೆ ಎಂದೋ ಗೊತ್ತಿತ್ತು. 2018ರಲ್ಲಿ ಬೆಲ್ಜಿಯಂ ಇದನ್ನು ಜೂಜು ಅಂತಲೇ ಪರಿಗಣಿಸಿತು. ಹಾಗಾಗಿ ಕಾರ್ಡಿನ ವಿಷಯವನ್ನು ಆಟದ ಹೊತ್ತಿನ ವಿಷಯದೊಂದಿಗೆ ಬೆರೆಸಬೇಡಿ. ಕಾರ್ಡನ್ನು ಇವತ್ತೇ ಆ ಖಾತೆಯಿಂದ ತೆಗೆಯಿರಿ. ಪ್ರತಿ ಖರೀದಿಗೂ ನಿಮ್ಮ ಒಪ್ಪಿಗೆ ಬೇಕಾಗುವಂತೆ ಸೆಟ್ ಮಾಡಿ. ಅವನು ಕೊಂಡಿದ್ದು ಡಬ್ಬಗಳನ್ನೋ, ಇಂಥದ್ದೇ ಬೇಕು ಅಂತ ಆರಿಸಿದ ಒಂದು ಸ್ಕಿನ್ನನ್ನೋ (ಆಟದ ಪಾತ್ರಕ್ಕೆ ತೊಡಿಸುವ ವೇಷ) ಅಂತ ವಿಚಾರಿಸಿ. ಡಬ್ಬಗಳಾದರೆ ನಾನು ಹೆಚ್ಚು ಎಚ್ಚರವಾಗುತ್ತೇನೆ.

ಕುರ್ಚಿಯ ಬೇರು ಅಂದೆನಲ್ಲ. ತಂಡದ ಆಟಕ್ಕೆ ನಿಲ್ಲಿಸುವ ಬಟನ್ ಇಲ್ಲ. ಒಂದು ಮ್ಯಾಚ್ ಮೂವತ್ತು ನಲವತ್ತು ನಿಮಿಷ ಹಿಡಿಯಬಹುದು. ಮಧ್ಯೆ ಹೊರಬಿದ್ದರೆ ಉಳಿದವರು ಸೋಲುತ್ತಾರೆ, ಇವನ ರ‍್ಯಾಂಕ್ ಇಳಿಯುತ್ತದೆ, ಕೆಲವು ಆಟಗಳಲ್ಲಿ ಸ್ವಲ್ಪ ಹೊತ್ತು ಬಾಗಿಲೇ ಮುಚ್ಚುತ್ತದೆ. ‘ಎರಡು ನಿಮಿಷ ಅಮ್ಮ’ ಅನ್ನುವುದು ಎಲ್ಲ ಸಲವೂ ಸುಳ್ಳಲ್ಲ. ಅವನಿಗೆ ನೀವು ಮಾಡಿದ್ದು, ನಾಲ್ವರ ಎದುರು ಮೈದಾನದಿಂದ ಕೈ ಹಿಡಿದು ಎಳೆದು ತಂದಂತೆ. ಎಸೆದಿದ್ದು ಸರಿ ಅಂತ ಹೇಳುತ್ತಿಲ್ಲ.

ಈಗ ದಾರಿಗಳು. ಸುಮ್ನೆ ಬಿಡುವುದೂ ಒಂದು ದಾರಿ. ವಯಸ್ಸಾದಂತೆ ತಾನಾಗಿ ಕಡಿಮೆ ಮಾಡುವ ಹುಡುಗರೇ ಹೆಚ್ಚು. ಆದರೆ ನಾಲ್ಕು ಗಂಟೆ ನಿದ್ದೆಯಲ್ಲಿ ಇನ್ನೊಂದು ವರ್ಷ ಕಾಯಿರಿ ಅಂತ ನಾನು ಹೇಳಲಾರೆ.

ಪೂರ್ತಿ ನಿಲ್ಲಿಸುವುದು ಇನ್ನೊಂದು. ಇದನ್ನು ನಾನೇ ಒಂದು ಕಾಲಕ್ಕೆ ಸಲಹೆ ಕೊಟ್ಟಿದ್ದೇನೆ. ‘ಒಂದು ತಿಂಗಳು ಎಲ್ಲ ತೆಗೆದಿಡಿ’ ಅಂದಿದ್ದೆ ಒಬ್ಬ ತಂದೆಗೆ. ಮೂರನೇ ದಿನ ಹುಡುಗ ಮನೆ ಬಿಟ್ಟು ಹೋದ. ಮರುದಿನ ಸಿಕ್ಕ, ಸದ್ಯ. ಗೇಮ್ ತೆಗೆದ ಜಾಗಕ್ಕೆ ಏನು ಇಡಬೇಕು ಅಂತ ನಾನು ಯೋಚಿಸಿಯೇ ಇರಲಿಲ್ಲ. ಸರ್ಕಾರಗಳೂ ಈ ದಾರಿ ಹಿಡಿದು ನೋಡಿವೆ. ದಕ್ಷಿಣ ಕೊರಿಯಾ 2011ರಲ್ಲಿ, 16 ತುಂಬದ ಮಕ್ಕಳು ಮಧ್ಯರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಆನ್‌ಲೈನ್ ಗೇಮ್ ಆಡಬಾರದು ಅಂತ ಕಾನೂನು ಮಾಡಿತು. ಮಕ್ಕಳು ಅಪ್ಪ ಅಮ್ಮನ ಗುರುತಿನ ಸಂಖ್ಯೆ ಹಾಕಿ ಆಡಿದರು. ಸುಮಾರು ಹತ್ತು ವರ್ಷದ ನಂತರ ಕಾನೂನನ್ನೇ ಕೈಬಿಟ್ಟರು.

ಚಟ ಬಿಡಿಸುವ ಶಿಬಿರಗಳಿಗೆ ಮಾತ್ರ ಖಂಡಿತ ಕಳಿಸಬೇಡಿ. ಚೀನಾದಲ್ಲಿ ಇಂಥ ಕಡೆ ಮಕ್ಕಳಿಗೆ ಕರೆಂಟ್ ಶಾಕ್ ಕೊಡುತ್ತಿದ್ದರು. 2009ರಲ್ಲಿ ಅಲ್ಲಿನ ಆರೋಗ್ಯ ಇಲಾಖೆಯೇ ಅದನ್ನು ನಿಲ್ಲಿಸಬೇಕಾಯಿತು. ಅದೇ ವರ್ಷ ಒಂದು ಶಿಬಿರದಲ್ಲಿ 15ರ ಹುಡುಗನನ್ನು ಹೊಡೆದೇ ಕೊಂದರು. ಶಿಸ್ತು ಕಲಿಸುತ್ತೇವೆ, ಆದರೆ ಮಗುವನ್ನು ನೋಡಲು ಬರಬೇಡಿ ಅನ್ನುವ ಯಾವ ಜಾಗವನ್ನೂ ನಂಬಬೇಡಿ.

ನಾನು ಹೇಳುವುದು ಚೌಕಾಸಿಯ ದಾರಿ. ಇಬ್ಬರೂ ಸಿಟ್ಟಿಲ್ಲದ ಹೊತ್ತು ನೋಡಿ ಕೂತುಕೊಳ್ಳಿ. ಗಡಿಯಾರದ ಭಾಷೆ ಬಿಟ್ಟು ಮ್ಯಾಚಿನ ಭಾಷೆಯಲ್ಲಿ ಮಾತಾಡಿ. ‘ಹನ್ನೊಂದಕ್ಕೆ ಆಫ್’ ಅನ್ನುವ ಬದಲು ‘ಹತ್ತೂವರೆ ಆದ ಮೇಲೆ ಹೊಸ ಮ್ಯಾಚ್ ಇಲ್ಲ, ನಡೀತಿರೋದನ್ನ ಮುಗಿಸು’ ಅನ್ನಿ. ಒಂದೇ ಸಲ ಹತ್ತೂವರೆಗೆ ತರಲು ಹೋಗಬೇಡಿ, ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಹಿಂದಕ್ಕೆ ಸರಿಸಿ. ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಗಟ್ಟಿ ಮಾಡಿ, ರಜೆಯಲ್ಲೂ ಒಂದು ಗಂಟೆಗಿಂತ ಜಾಸ್ತಿ ತಪ್ಪಬಾರದು. ರಾತ್ರಿ ಫೋನು, ಕಂಪ್ಯೂಟರ್ ಎರಡೂ ಮಲಗುವ ಕೋಣೆಯಿಂದ ಹೊರಗಿರಲಿ. ನಿಮ್ಮದೂ, ಅವನ ಅಪ್ಪನದೂ ಸೇರಿ. ಅಪ್ಪ ಹಾಸಿಗೆಯಲ್ಲಿ ವಿಡಿಯೋ ನೋಡುತ್ತಿದ್ದರೆ ಮಗನ ಎದುರು ನಿಮ್ಮ ಮಾತು ಎರಡು ದಿನವೂ ನಿಲ್ಲುವುದಿಲ್ಲ.

ಇದರಲ್ಲೂ ತೊಂದರೆ ಇದೆ. ಮೊದಲ ಎರಡು ವಾರ ರಂಪ ಆಗುತ್ತದೆ. ಮೂರು ದಿನ ಚೆನ್ನಾಗಿದ್ದು ನಾಲ್ಕನೇ ದಿನ ಕದ್ದು ಆಡುತ್ತಾನೆ. ಆಗ ಒಪ್ಪಂದ ಹರಿದು ಹಾಕಬೇಡಿ. ಖಾಲಿಯಾದ ಹೊತ್ತಿಗೆ ಏನೂ ಇಲ್ಲದಿದ್ದರೆ ಆಟದ ಬದಲು ಚಿಕ್ಕ ಚಿಕ್ಕ ವಿಡಿಯೋ ಬಂದು ಕೂರುತ್ತವೆ. ಅದಕ್ಕಿಂತ ಗೇಮೇ ವಾಸಿ, ಅಲ್ಲಿ ಕೊನೇಪಕ್ಷ ತಲೆ ಓಡುತ್ತದೆ. ಈಜಿಗೆ ಮತ್ತೆ ಸೇರಿಸಬಹುದು. ಆದರೆ ಅವನಿಗೆ ಕೊಳಕ್ಕಿಂತ ಜೊತೆಗೆ ಬರುವ ಒಬ್ಬ ಬೇಕು. ಹಳೆಯ ಊರಿನ ಗೆಳೆಯನೊಬ್ಬನನ್ನು ರಜೆಗೆ ಮನೆಗೆ ಕರೆಸಿ. ಇಬ್ಬರೂ ಸೇರಿ ಗೇಮ್ ಆಡಿದರೂ ಸರಿ.

ಎರಡು ತಿಂಗಳಲ್ಲಿ ಏನೂ ಬದಲಾಗದಿದ್ದರೆ ಮನೋವೈದ್ಯರನ್ನೋ ಮನಃಶಾಸ್ತ್ರಜ್ಞರನ್ನೋ ಕಾಣಿ. ಆಲೋಚನೆ ಮತ್ತು ಅಭ್ಯಾಸ ಎರಡನ್ನೂ ಹಿಡಿದು ಮಾಡುವ ಸಿಬಿಟಿ ಚಿಕಿತ್ಸೆಗೆ ಒಳ್ಳೆಯ ಪುರಾವೆ ಇದೆ. ಜರ್ಮನಿ ಮತ್ತು ಆಸ್ಟ್ರಿಯಾದಲ್ಲಿ ಗೇಮ್ ಮತ್ತು ಇಂಟರ್ನೆಟ್ ಚಟವಿದ್ದ 143 ಗಂಡಸರ ಮೇಲೆ ಪರೀಕ್ಷೆ ಮಾಡಿ 2019ರಲ್ಲಿ ಫಲಿತಾಂಶ ಕೊಟ್ಟರು. ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 69 ಜನರಿಗೆ ಚಟ ಹಿಡಿತಕ್ಕೆ ಬಂತು, ಸರದಿಗೆ ಕಾಯುತ್ತಿದ್ದವರಲ್ಲಿ 24. ಗೇಮಿಂಗ್ ಚಟಕ್ಕೇ ಅಂತ ಮಂಜೂರಾದ ಮಾತ್ರೆ ಯಾವುದೂ ಇಲ್ಲ. ಆದರೆ ಆಟದ ಹಿಂದೆ ಖಿನ್ನತೆ, ಜನರನ್ನು ಕಂಡರೆ ಆತಂಕ, ಗಮನ ನಿಲ್ಲದ ಎಡಿಎಚ್‌ಡಿ ಅಡಗಿರುವುದು ಬಹಳ ಸಾಮಾನ್ಯ. ಅವಕ್ಕೆ ಚಿಕಿತ್ಸೆ ಇದೆ. ಊರು ಬದಲಿಸುವ ಮೊದಲೂ ಅವನು ಹೋಂವರ್ಕ್ ಅರ್ಧಕ್ಕೆ ಬಿಡುತ್ತಿದ್ದನಾ, ವಸ್ತು ಕಳೆಯುತ್ತಿದ್ದನಾ ಅಂತ ನೆನಪು ಮಾಡಿಕೊಂಡು ಹೋಗಿ, ಡಾಕ್ಟರ್ ಕೇಳುತ್ತಾರೆ.

ಬದುಕಿದ್ದು ಏನು ಪ್ರಯೋಜನ ಅನ್ನುವ ಮಾತು ಬಂದರೆ, ಊಟ ಸ್ನಾನ ಬಿಟ್ಟರೆ, ನಿಮ್ಮ ಮೇಲೆ ಕೈ ಎತ್ತಿದರೆ ಎರಡು ತಿಂಗಳು ಕಾಯಬೇಡಿ. ಅದೇ ದಿನ ಹೋಗಿ. ಹುಡುಗರು ಹಾಗೆ ಹೆದರಿಸಲು ಅನ್ನುತ್ತಾರೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ರೂಟರ್ ವಿಷಯ. ಇವತ್ತು ಸಂಜೆ ಅದನ್ನು ತಂದು ಅದರ ಜಾಗದಲ್ಲಿಡಿ. ಅವನು ನೋಡುತ್ತಿರುವಾಗ ಇಡಿ. ‘ಮ್ಯಾಚ್ ಮಧ್ಯೆ ಕಿತ್ತಿದ್ದು ನನ್ನ ತಪ್ಪು. ಕುರ್ಚಿ ಎಸೆದಿದ್ದು ನಿನ್ನ ತಪ್ಪು. ರಾತ್ರಿ ಎರಡೂವರೆವರೆಗೆ ಎದ್ದಿರೋದು ನನಗೆ ಒಪ್ಪಿಗೆ ಇಲ್ಲ, ಅದರ ಬಗ್ಗೆ ಭಾನುವಾರ ಕೂತು ಮಾತಾಡೋಣ’ ಅನ್ನಿ. ಅವನು ಉತ್ತರ ಕೊಡದಿದ್ದರೂ ಪರವಾಗಿಲ್ಲ, ಕೇಳಿಸಿಕೊಂಡಿರುತ್ತಾನೆ. ಎರಡು ದಿನ ಬಿಟ್ಟು, ಅವನು ಆಡುವ ಗೇಮ್ ಯಾವುದು ಅಂತ ಕೇಳಿ. ಇಷ್ಟುದ್ದದ ಪತ್ರದಲ್ಲಿ ನೀವು ಅದರ ಹೆಸರನ್ನೇ ಬರೆದಿಲ್ಲ.